ಶಾಫ್ಟ್ ಅಳತೆ ಸರಿ ಉಂಟು, ಮೋಟರ್ ಮಾತ್ರ ಗುಂಯ್ ಅನ್ನುತ್ತದೆ: ಯಾಕೆ?

ಪ್ರಶ್ನೆ: ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಘಟಕ ಉಂಟು. ಮಳೆಗಾಲಕ್ಕೆಂದು ಬಟ್ಟೆ ಒಣಗಿಸುವ ಕಪಾಟು ಮಾಡುತ್ತೇವೆ. ಒಳಗೆ ಒಂದು ಹೀಟರ್, ಗಾಳಿ ತಿರುಗಿಸಲು ಒಂದು ಬ್ಲೋವರ್. ಅದರ ಮೋಟರ್ 60 ವ್ಯಾಟಿನದು, 2 ಪೋಲ್, ನಿಮಿಷಕ್ಕೆ 2800 ಸುತ್ತು. ಮೊದಲು ಮೋಟರನ್ನು ಹೊರಗಿನಿಂದ ತರಿಸುತ್ತಿದ್ದೆವು. ಈಗ ಸ್ಟೇಟರ್ (ತಿರುಗದ ಹೊರಭಾಗ), ರೋಟರ್ (ಅದರೊಳಗೆ ತಿರುಗುವ ಭಾಗ) ಮಾತ್ರ ತರಿಸಿ, ರೋಟರನ್ನು ಹೊರುವ ಸರಳು, ಅಂದರೆ ಶಾಫ್ಟನ್ನು ಇಲ್ಲೇ ಮಾಡಿಸಿ ನಾವೇ ಜೋಡಿಸುತ್ತೇವೆ. ಶಾಫ್ಟ್ 8 ಮಿ.ಮೀ., ಇಎನ್8 ಅನ್ನುವ ಉಕ್ಕಿನ ಬ್ರೈಟ್ ಬಾರ್, ಸೆಂಟರ್‌ಲೆಸ್ ಗ್ರೈಂಡಿಂಗ್. ನಡುವೆ ನರ್ಲಿಂಗ್ (ಹಿಡಿತಕ್ಕಾಗಿ ಮೈಮೇಲೆ ಗೆರೆ ಒತ್ತುವುದು) ಮಾಡಿಸಿ ರೋಟರನ್ನು ಪ್ರೆಸ್‌ನಲ್ಲಿ ಕೂರಿಸುತ್ತೇವೆ. ಎರಡೂ ಕಡೆ 8 ಮಿ.ಮೀ. ತೂತಿನ 608 ಬಾಲ್ ಬೇರಿಂಗ್, ನಡುವಿನ ಅಂತರ 100 ಮಿ.ಮೀ. ಡ್ರಾಯಿಂಗ್‌ನಲ್ಲಿ ಬೇರಿಂಗ್ ಕೂರುವ ಜಾಗಕ್ಕೆ ಕೆ6 (ಎಷ್ಟು ಬಿಗಿಯಾಗಿ ಕೂರಬೇಕು ಅನ್ನುವ ಅಳತೆಯ ಗುರುತು) ಅಂತ ಇದೆ. ಶಾಫ್ಟ್ ಹಾಕಿದ ರೋಟರ್ ಸುಮಾರು 400 ಗ್ರಾಂ ತೂಗುತ್ತದೆ.

ಜನ ಕಪಾಟನ್ನು ಮಲಗುವ ಕೋಣೆಯಲ್ಲಿಟ್ಟು ರಾತ್ರಿ ಹಾಕಿ ಮಲಗುತ್ತಾರೆ. 50 ಮೋಟರ್ ಜೋಡಿಸಿದರೆ 14 ಗುಂಯ್ ಅನ್ನುತ್ತವೆ, ಉಳಿದವು ಸುಮ್ಮನಿರುತ್ತವೆ. ಶಾಫ್ಟ್ ಮಾಡಿಕೊಡುವವರು, "ಮೈಕ್ರೊಮೀಟರ್ ಹಾಕಿ ನೋಡಿ ಮಾರಾಯ್ರೆ, ಎಲ್ಲಿ ಉಂಟು ತಪ್ಪು?" ಅನ್ನುತ್ತಾರೆ. ಅಳತೆ ನಿಜವಾಗಿ ಡ್ರಾಯಿಂಗ್‌ನ ಒಳಗೇ ಇದೆ. ಕಬ್ಬಿಣದ ಅಂಗಡಿಯವರು ಇಎನ್24 ಹಾಕಿ, ಗಟ್ಟಿ ಉಕ್ಕು, ಶಬ್ದ ಬರುವುದಿಲ್ಲ ಅಂತಾರೆ. ಮತ್ತೊಬ್ಬರು ಬ್ಯಾಲೆನ್ಸಿಂಗ್ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಅಂತಾರೆ. ಸ್ಟೇನ್‌ಲೆಸ್ ಸ್ಟೀಲ್ ಹಾಕುವುದಾ, 10 ಮಿ.ಮೀ. ಮಾಡುವುದಾ, ಬಾಲ್ ಬೇರಿಂಗ್ ಬದಲು ಬುಷ್ ಹಾಕುವುದಾ? ಇದರ ಜೊತೆ ತಯಾರಾದ 200 ಶಾಫ್ಟ್ ನಮ್ಮ ಸಾಮಾನಿನ ಕಪಾಟಿನಲ್ಲಿವೆ. ಅವನ್ನು ಗುಜರಿಗೆ ಹಾಕಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಬ್ಬೊಬ್ಬರು ಒಂದೊಂದು ಹೇಳಿದ್ದಾರೆ, ಪ್ರತಿಯೊಂದಕ್ಕೂ ದುಡ್ಡು ಬೇಕು, ಯಾವುದಕ್ಕೆ ಹಾಕಿದರೆ ಶಬ್ದ ಹೋಗುತ್ತದೆ ಅನ್ನುವುದು ಗೊತ್ತಾಗುತ್ತಿಲ್ಲ. ಚಿಂತೆ ಇದೇ ಅಲ್ವಾ?

ಉತ್ತರದ ಒಂದು ದೊಡ್ಡ ಭಾಗ ನಿಮ್ಮ ಪತ್ರದಲ್ಲೇ ಇದೆ. 50ರಲ್ಲಿ 14 ಶಬ್ದ ಮಾಡುತ್ತವೆ, 36 ಸುಮ್ಮನಿವೆ. ಆ 36 ಮೋಟರುಗಳ ಶಾಫ್ಟೂ ಇಎನ್8 ತಾನೇ? ಅದೇ ದಪ್ಪ, ಅದೇ ಉದ್ದ. ಉಕ್ಕಿನಲ್ಲೇ ತೊಂದರೆ ಇದ್ದಿದ್ದರೆ ಐವತ್ತಕ್ಕೆ ಐವತ್ತೂ ಕೂಗಬೇಕಿತ್ತು. ಹಾಗಾಗಿ ಒಂದು ಮೋಟರಿನಿಂದ ಇನ್ನೊಂದಕ್ಕೆ ಏನು ಬದಲಾಗುತ್ತಿದೆ ಅನ್ನುವುದನ್ನು ಹುಡುಕಬೇಕು. ಎಲ್ಲದರಲ್ಲೂ ಒಂದೇ ಇರುವುದನ್ನು ಬದಲಿಸಿ ಪ್ರಯೋಜನ ಇಲ್ಲ.

ಶಾಫ್ಟಿಗೆ ಕೈ ಹಾಕುವ ಮೊದಲು ಅರ್ಧ ಗಂಟೆಯ ಕೆಲಸ ಒಂದಿದೆ. ಶಬ್ದ ಮಾಡುವ ಮೋಟರನ್ನು ಕಪಾಟಿನಿಂದ ಬಿಚ್ಚಿ. ಬ್ಲೋವರ್ ಚಕ್ರವನ್ನೂ ತೆಗೆಯಿರಿ. ಮೋಟರನ್ನು ಹಗ್ಗಕ್ಕೆ ನೇತುಹಾಕಿ, ಗಟ್ಟಿಯಾಗಿ ಕಟ್ಟಿಕೊಂಡು ಚಾಲೂ ಮಾಡಿ. ಈಗ ಶಬ್ದ ಇಲ್ಲದಿದ್ದರೆ ತಪ್ಪು ಚಕ್ರದ್ದು ಅಥವಾ ಕಪಾಟಿನ ತಗಡಿನದು, ಶಾಫ್ಟಿನದಲ್ಲ. ಶಬ್ದ ಹಾಗೇ ಇದ್ದರೆ ಸ್ವಿಚ್ ಆರಿಸಿ, ಕಿವಿಗೊಟ್ಟು ಕೇಳಿ. ಕರೆಂಟ್ ಹೋದ ಕ್ಷಣಕ್ಕೇ ಕತ್ತರಿಸಿದ ಹಾಗೆ ಶಬ್ದ ನಿಂತರೆ ಅದು ಅಯಸ್ಕಾಂತದ ಸೆಳೆತದಿಂದ ಬರುವ ಶಬ್ದ. ರೋಟರ್ ನಿಧಾನವಾಗುತ್ತ ಬಂದ ಹಾಗೆ ಶಬ್ದವೂ ಇಳಿಯುತ್ತ ಬಂದರೆ ಅದು ಬೇರಿಂಗಿನದು, ಶಾಫ್ಟಿನದು ಅಥವಾ ತೂಕದ ಏರುಪೇರಿನದು. ಫೋನಿನಲ್ಲಿ ಶಬ್ದದ ತರಂಗ ತೋರಿಸುವ ಆ್ಯಪ್ ಇದ್ದರೆ ಇನ್ನೂ ಅನುಕೂಲ. ನಮ್ಮ ಕರೆಂಟ್ 50 ಹರ್ಟ್ಜ್, ಅಯಸ್ಕಾಂತದ ಗುಂಯ್ ಅದರ ಎರಡರಷ್ಟು, ಅಂದರೆ 100 ಹರ್ಟ್ಜ್‌ನಲ್ಲಿ ಬರುತ್ತದೆ. 2800 ಸುತ್ತಿನ ಮೋಟರಿನಲ್ಲಿ ತೂಕದ ಏರುಪೇರು ಸುಮಾರು 47 ಹರ್ಟ್ಜ್‌ನಲ್ಲಿ ಕಾಣುತ್ತದೆ. ಹದಿನಾಲ್ಕನ್ನೂ ಹೀಗೆ ಕೇಳಿ, ಒಂದೊಂದರ ಮೇಲೂ ಚೀಟಿ ಅಂಟಿಸಿ. ಒಂದೇ ಕಾಯಿಲೆ ಅಂದುಕೊಂಡದ್ದು ಎರಡು ಕಾಯಿಲೆ ಅಂತ ಗೊತ್ತಾಗುವುದು ಇಲ್ಲೇ.

ಇಎನ್24 ಮಾತನ್ನು ಮೊದಲು ಮುಗಿಸಿಬಿಡೋಣ. ಅದು ಒಳ್ಳೆಯ ಉಕ್ಕು, ಸುಳ್ಳಲ್ಲ. ಆದರೆ ಗಟ್ಟಿತನ ಬೇರೆ, ಬಾಗದೆ ನಿಲ್ಲುವ ಬಿಗುವು ಬೇರೆ. ಇಎನ್24 ಜಾಸ್ತಿ ಭಾರ ತಡೆದುಕೊಳ್ಳುತ್ತದೆ, ಬೇಗ ಮುರಿಯುವುದಿಲ್ಲ, ಬೇಗ ಶಾಶ್ವತವಾಗಿ ಸೊಟ್ಟ ಆಗುವುದಿಲ್ಲ. ಆದರೆ ಅದೇ ದಪ್ಪದ ಇಎನ್8 ಮತ್ತು ಇಎನ್24 ಸರಳುಗಳ ಮೇಲೆ ಅದೇ ಭಾರ ಇಟ್ಟರೆ ಎರಡೂ ಸರಿಸುಮಾರು ಒಂದೇ ಅಷ್ಟು ಬಾಗುತ್ತವೆ. ಸ್ಟೇನ್‌ಲೆಸ್ ಸ್ಟೀಲೂ ಅಷ್ಟೇ. ಬಿಗುವು ಬೇಕಾದರೆ ಅದು ಸಿಗುವುದು ದಪ್ಪದಿಂದ ಮತ್ತು ಗಿಡ್ಡ ಮಾಡುವುದರಿಂದ.

ನಿಮ್ಮ ಶಾಫ್ಟಿನ ಲೆಕ್ಕ ಹಾಕಿ ನೋಡಿದೆ. 8 ಮಿ.ಮೀ. ದಪ್ಪ, 100 ಮಿ.ಮೀ. ಅಂತರ. ನಡುವೆ ಒಂದು ಕೆ.ಜಿ. ಭಾರ ಬಿದ್ದರೆ ಸುಮಾರು 5 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಬಾಗುತ್ತದೆ. 10 ಮಿ.ಮೀ. ಮಾಡಿದರೆ ಅದು 2 ಮೈಕ್ರಾನ್ ಆಗುತ್ತದೆ. 8 ಮಿ.ಮೀ. ಇಟ್ಟುಕೊಂಡೇ ಅಂತರವನ್ನು 80ಕ್ಕೆ ಇಳಿಸಿದರೂ ಎರಡೂವರೆ ಮೈಕ್ರಾನ್‌ಗೆ ಬರುತ್ತದೆ. ಅಂದರೆ ಬೇರಿಂಗ್‌ಗಳನ್ನು 20 ಮಿ.ಮೀ. ಹತ್ತಿರ ತಂದರೆ ಬಾಗು ಅರ್ಧ ಆಗುತ್ತದೆ, ಉಕ್ಕು ಬದಲಿಸಿದರೆ ಏನೂ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಈ 5 ಮೈಕ್ರಾನ್ ಕೂಡ ನಿಮ್ಮ ತೊಂದರೆಯಲ್ಲ. ನಿಮ್ಮ 400 ಗ್ರಾಂ ರೋಟರ್ ಹೊತ್ತ ಈ ಬಿಗುವಿನ ಶಾಫ್ಟ್ ಅದುರತೊಡಗುವ ವೇಗ ನಿಮಿಷಕ್ಕೆ 21,000 ಸುತ್ತಿನ ಹತ್ತಿರ ಇದೆ. ನೀವು ಓಡಿಸುವುದು 2800ರಲ್ಲಿ. ಇಎನ್24ಕ್ಕೆ ಹಾಕುವ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

ಈಗ ಮೈಕ್ರೊಮೀಟರಿನ ಮಾತು. ನಿಮ್ಮ ಶಾಫ್ಟ್ ಮಾಡಿಕೊಡುವವರು ಸುಳ್ಳು ಹೇಳುತ್ತಿಲ್ಲ. ಮೈಕ್ರೊಮೀಟರೂ ಸುಳ್ಳು ಹೇಳುತ್ತಿಲ್ಲ. ಆದರೆ ಅದು ಎರಡು ಎದುರುಬದುರು ಬಿಂದುಗಳ ನಡುವಿನ ದೂರವನ್ನು ಮಾತ್ರ ಅಳೆಯುತ್ತದೆ. ಶಾಫ್ಟ್ ದುಂಡಗಿದೆಯಾ ಅನ್ನುವುದನ್ನು ಅದು ಹೇಳಲಾರದು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಪಾಠ ಕಲಿತೆ. ಆ ಕಾರ್ಖಾನೆಯಲ್ಲಿ ಸಣ್ಣ ಫ್ಯಾನ್ ಮೋಟರುಗಳು ತಯಾರಾಗುತ್ತಿದ್ದವು. ಒಂದು ಲಾಟ್ ಪೂರ್ತಿ ಗುಂಯ್ ಅನ್ನತೊಡಗಿತು. ಬೇರಿಂಗೇ ಕೆಟ್ಟದ್ದು ಅಂತ ನಾವೆಲ್ಲ ಸೇರಿ ಬೇರಿಂಗುಗಳನ್ನು ವಾಪಸ್ ಕಳಿಸಿದೆವು. ಹೊಸವು ಬಂದವು, ಶಬ್ದವೂ ಬಂತು. ಆಗ ಟೂಲ್‌ರೂಮಿನ ಹಿರಿಯರೊಬ್ಬರು ಒಂದು ಶಾಫ್ಟ್ ತೆಗೆದುಕೊಂಡು ಬಟ್ಟೆಯಲ್ಲಿ ಒರೆಸಿದರು. ಗ್ರಾನೈಟ್ ಕಲ್ಲಿನ ಮೇಲೆ ಒಂದು ವಿ-ಬ್ಲಾಕ್ (ವಿ ಆಕಾರದ ತೋಡಿರುವ ಗಟ್ಟಿ ತುಂಡು) ಇಟ್ಟು, ಬೇರಿಂಗ್ ಕೂರುವ ಜಾಗ ಅದರ ತೋಡಿನಲ್ಲಿ ಕೂರುವಂತೆ ಇಟ್ಟರು. ಅದೇ ಜಾಗದ ನೆತ್ತಿಗೆ ಮೈಕ್ರಾನ್ ಡಯಲ್ ಮುಟ್ಟಿಸಿದರು. ಆಮೇಲೆ ಎರಡು ಬೆರಳಿನಲ್ಲಿ ಶಾಫ್ಟನ್ನು ನಿಧಾನಕ್ಕೆ ಉರುಳಿಸಿದರು. ಮುಳ್ಳು ಮೇಲೆ ಹೋಯಿತು, ಕೆಳಗೆ ಬಂತು. ಮತ್ತೆ ಹೋಯಿತು, ಬಂತು. ಒಂದು ಸುತ್ತು ಮುಗಿಯುವಷ್ಟರಲ್ಲಿ ಮೂರು ಸಲ. ಅದೇ ಶಾಫ್ಟಿಗೆ ಮೈಕ್ರೊಮೀಟರ್ ಹಾಕಿ ಎಲ್ಲಿ ತಿರುಗಿಸಿದರೂ ಒಂದೇ ಅಳತೆ.

ಸುಲಿಯದ ತೆಂಗಿನಕಾಯಿಯನ್ನು ತೊಟ್ಟಿನ ಕಡೆಯಿಂದ ನೋಡಿ. ದುಂಡಗೆ ಕಂಡರೂ ಮೂರು ಏಣು ಇರುತ್ತದೆ. ಒಂದು ಏಣಿನ ಎದುರಿಗೆ ಏಣಿರುವುದಿಲ್ಲ, ಚಪ್ಪಟೆ ಬದಿ ಇರುತ್ತದೆ. ಶಾಫ್ಟಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಇದೇ ಆಕಾರ ಬಂದರೆ, ಒಂದು ಕಡೆ ಉಬ್ಬಿದ್ದಷ್ಟು ಎದುರು ಕಡೆ ತಗ್ಗಿರುತ್ತದೆ. ಎರಡು ಬಿಂದುವಿನ ದೂರ ಬದಲಾಗುವುದೇ ಇಲ್ಲ. ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಯ ಏಣುಗಳು ಮೈಕ್ರೊಮೀಟರಿಗೆ ಸಿಗುವುದಿಲ್ಲ. 90 ಡಿಗ್ರಿಯ ವಿ-ಬ್ಲಾಕಿನಲ್ಲಿ ಮೂರು ಮತ್ತು ಐದು ಏಣಿನ ತಪ್ಪು ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. ಏಳು ಏಣಿನದು ಅಲ್ಲೂ ಕಾಣುವುದಿಲ್ಲ. ಅದಕ್ಕೆ ದುಂಡುತನ ಅಳೆಯುವ ಯಂತ್ರವೇ ಬೇಕು. ನಿಮ್ಮ ಹತ್ತಿರದಲ್ಲೇ ಸುರತ್ಕಲ್‌ನ ಎನ್ಐಟಿಕೆ ಇದೆ, ಸ್ವಲ್ಪ ದೂರಕ್ಕೆ ನಿಟ್ಟೆ, ಮಣಿಪಾಲದ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಯ ಮೆಟ್ರಾಲಜಿ ಲ್ಯಾಬುಗಳಲ್ಲಿ ಒಮ್ಮೆ ವಿಚಾರಿಸಿ. ಐದಾರು ಶಾಫ್ಟಿನ ಚಿತ್ರ ಸಿಕ್ಕರೂ ಸಾಕು, ಕಣ್ಣಿನ ಪೊರೆ ತೆಗೆದ ಹಾಗೆ ಆಗುತ್ತದೆ.

ಈ ಏಣು ಎಲ್ಲಿಂದ ಬರುತ್ತದೆ? ಸೆಂಟರ್‌ಲೆಸ್ ಗ್ರೈಂಡಿಂಗ್‌ನಲ್ಲಿ ಶಾಫ್ಟನ್ನು ಯಾವ ಸೆಂಟರೂ (ತುದಿಯ ತೂತಿಗೆ ಕೂರುವ ಮೊನೆ) ಹಿಡಿದುಕೊಂಡಿರುವುದಿಲ್ಲ. ಎರಡು ಚಕ್ರಗಳ ನಡುವೆ ಒಂದು ಬ್ಲೇಡಿನ ಮೇಲೆ ಅದು ಸುಮ್ನೆ ಕೂತು ತಿರುಗುತ್ತದೆ. ಅದರ ಮೈಯ ಉಬ್ಬು ಒಂದು ಚಕ್ರಕ್ಕೆ ತಾಗಿದಾಗ ಶಾಫ್ಟ್ ಇನ್ನೊಂದು ಚಕ್ರದ ಕಡೆ ಸರಿಯುತ್ತದೆ, ಅಲ್ಲೊಂದು ತಗ್ಗು ಬೀಳುತ್ತದೆ. ಉಬ್ಬು ತಗ್ಗನ್ನು ಹುಟ್ಟಿಸುತ್ತ ಹೋಗುತ್ತದೆ. ಶಾಫ್ಟಿನ ನಡುಮಟ್ಟ ಎರಡು ಚಕ್ರಗಳ ನಡುಮಟ್ಟಕ್ಕಿಂತ ತಕ್ಕಷ್ಟು ಮೇಲೆ ಇದ್ದರೆ ಈ ಉಬ್ಬುತಗ್ಗು ತಾನಾಗಿ ಕರಗುತ್ತದೆ. ಸಮ ಮಟ್ಟದಲ್ಲಿದ್ದರೆ ಅಥವಾ ಮೇಲಿರುವುದು ಸಾಲದಿದ್ದರೆ ಏಣು ಉಳಿಯುತ್ತದೆ. ತೀರಾ ಮೇಲಿಟ್ಟರೆ ಶಾಫ್ಟ್ ಕುಣಿದು ಮೈಮೇಲೆ ಗೆರೆ ಬೀಳುತ್ತದೆ. ಬ್ಲೇಡಿನ ಎತ್ತರ, ಚಕ್ರದ ಮೈಯನ್ನು ಯಾವಾಗ ಕೆರೆದು ಹೊಸದು ಮಾಡಿದರು (ಡ್ರೆಸ್) ಅನ್ನುವುದು, ಎಷ್ಟು ಪಾಸ್‌ನಲ್ಲಿ ಅಳತೆಗೆ ತಂದರು ಅನ್ನುವುದು, ಇವು ಲಾಟಿನಿಂದ ಲಾಟಿಗೆ ಬದಲಾಗುತ್ತವೆ. ನಿಮ್ಮ 14 ಮತ್ತು 36ರ ವ್ಯತ್ಯಾಸ ಇಲ್ಲಿಂದಲೂ ಬಂದಿರಬಹುದು.

ಹಾಗಂತ ಸೆಂಟರ್‌ಲೆಸ್ ಕೆಟ್ಟದ್ದು ಅಂತ ತಿಳಿಯಬೇಡಿ. ಸರಿಯಾಗಿ ಸೆಟ್ ಮಾಡಿದ ಯಂತ್ರ ತುಂಬ ಚೆನ್ನಾಗಿ ದುಂಡು ಮಾಡುತ್ತದೆ. ಕೆಲಸದವರ ಹತ್ತಿರ ಜಗಳಕ್ಕೆ ಹೋಗುವ ಬದಲು ಒಂದು ವಿ-ಬ್ಲಾಕ್ ತೆಗೆದುಕೊಂಡು ಹೋಗಿ, ಅವರ ಎದುರಿಗೇ ಉರುಳಿಸಿ ತೋರಿಸಿ. ಒಳ್ಳೆಯ ಗ್ರೈಂಡರ್ ಒಮ್ಮೆ ಮುಳ್ಳು ಮೂರು ಸಲ ಆಡುವುದನ್ನು ಕಂಡರೆ ಸುಮ್ಮನೆ ಬಿಡುವುದಿಲ್ಲ.

608ರ ಒಳಬಳೆ ಎಷ್ಟು ತೆಳ್ಳಗಿದೆ ನೋಡಿದ್ದೀರಲ್ಲ. ಹೆಚ್ಚೆಂದರೆ ಎರಡು ಮಿ.ಮೀ. ದಪ್ಪ. ಬಿಗಿಯಾದ ಶಾಫ್ಟಿನ ಮೇಲೆ ಅದನ್ನು ಕೂರಿಸಿದರೆ ಬಳೆ ಶಾಫ್ಟಿನ ಆಕಾರವನ್ನೇ ಪಡೆಯುತ್ತದೆ. ಗುಂಡುಗಳು ಉರುಳುವ ಓಣಿಗೂ ಏಣು ಬರುತ್ತದೆ. ಎಷ್ಟು ದುಬಾರಿಯ ಬೇರಿಂಗ್ ಹಾಕಿದರೂ ಅಷ್ಟೇ.

ಇಲ್ಲಿಗೆ ನಿಮ್ಮ ಡ್ರಾಯಿಂಗ್‌ನ ಕೆ6 ಬರುತ್ತದೆ. ನನ್ನ ಅನುಮಾನ ಜಾಸ್ತಿ ಇರುವುದು ಇದರ ಮೇಲೆ. ದೊಡ್ಡ ಮೋಟರಿನ ಡ್ರಾಯಿಂಗ್ ನೋಡಿ ಯಾರೋ ಬರೆದುಕೊಂಡಿರಬೇಕು. ಅಲ್ಲಿ ಅದು ಸರಿ, ಇಲ್ಲಿ ಅಲ್ಲ. 8 ಮಿ.ಮೀ.ಗೆ ಕೆ6 ಅಂದರೆ ಶಾಫ್ಟ್ 8.001ರಿಂದ 8.010ರವರೆಗೆ ಇರಬಹುದು. ಸಾಮಾನ್ಯ ದರ್ಜೆಯ 608ರ ತೂತು 8.000ದಿಂದ 7.992ರವರೆಗೆ ಇರಬಹುದು. ದಪ್ಪ ಶಾಫ್ಟಿಗೆ ಚಿಕ್ಕ ತೂತಿನ ಬೇರಿಂಗ್ ಸಿಕ್ಕರೆ 18 ಮೈಕ್ರಾನ್ ಬಿಗಿ. ತೆಳು ಶಾಫ್ಟಿಗೆ ದೊಡ್ಡ ತೂತು ಸಿಕ್ಕರೆ ಬರೀ 1 ಮೈಕ್ರಾನ್. ಎರಡೂ ಡ್ರಾಯಿಂಗ್ ಪ್ರಕಾರ ಸರಿಯೇ.

ಬಿಗಿಯ ಸುಮಾರು ಮುಕ್ಕಾಲು ಪಾಲು ಒಳಬಳೆಯನ್ನು ಹಿಗ್ಗಿಸುತ್ತದೆ. 18 ಮೈಕ್ರಾನ್ ಬಿಗಿ ಇದ್ದರೆ ಬೇರಿಂಗಿನ ಒಳಗಿನ ಸಡಿಲ 13 ಮೈಕ್ರಾನ್‌ನಷ್ಟು ಕಡಿಮೆಯಾಗುತ್ತದೆ. ಸಾಮಾನ್ಯ 608ರಲ್ಲಿ ಆ ಸಡಿಲ ಇರುವುದೇ 2ರಿಂದ 13 ಮೈಕ್ರಾನ್. ಅಂದರೆ ಎಷ್ಟೇ ಸಡಿಲದ ಬೇರಿಂಗ್ ಸಿಕ್ಕಿದರೂ ಎಲ್ಲ ಮುಗಿಯಿತು. ಗುಂಡುಗಳು ಎರಡು ಬಳೆಗಳ ನಡುವೆ ಹಿಂಡಿಕೊಂಡೇ ತಿರುಗುತ್ತವೆ. ಕೂಗುತ್ತವೆ, ಬಿಸಿಯಾಗುತ್ತವೆ, ಗ್ರೀಸ್ ಬೇಗ ಹಾಳಾಗುತ್ತದೆ. ಕಪಾಟಿನ ಬಿಸಿ ಗಾಳಿಯೂ ಸೇರಿದರೆ ಕೇಳುವುದೇ ಬೇಡ. ಶಾಫ್ಟ್, ತೂತು, ಸಡಿಲ ಈ ಮೂರೂ ಒಂದೊಂದು ಮೋಟರಿನಲ್ಲಿ ಒಂದೊಂದು ಥರ ಕೂಡಿಕೊಳ್ಳುತ್ತವೆ. ಕೆಟ್ಟ ಕೂಡಿಕೆ ಬಿದ್ದ ಮೋಟರ್ ಶಬ್ದ ಮಾಡುತ್ತದೆ, ಒಳ್ಳೆಯದು ಬಿದ್ದದ್ದು ಸುಮ್ಮನಿರುತ್ತದೆ. 50ರಲ್ಲಿ 14 ಅನ್ನುವ ಲೆಕ್ಕಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

"ಬೇರಿಂಗ್ ಟೈಟ್ ಇದ್ದಷ್ಟು ಒಳ್ಳೆಯದು" ಅನ್ನುವ ನಂಬಿಕೆ ನಮ್ಮ ಕಡೆ ತುಂಬ ಗಟ್ಟಿ. ಬೇರಿಂಗ್ ಶಾಫ್ಟಿನ ಮೇಲೆ ಜಾರಬಾರದು, ಅಷ್ಟು ಬಿಗಿ ಸಾಕು. ಇಷ್ಟು ಸಣ್ಣ ಮೋಟರಿಗೆ ನಾನು ಜೆ5 ಬರೆಯುತ್ತೇನೆ. ಅಂದರೆ 7.998ರಿಂದ 8.004. ಅಳೆಯುವಾಗ ಒಂದು ಎಚ್ಚರ. ಗ್ರೈಂಡಿಂಗ್‌ನಿಂದ ಆಗಷ್ಟೇ ಬಂದ ಬಿಸಿ ಶಾಫ್ಟಿಗೆ ಮೈಕ್ರೊಮೀಟರ್ ಹಾಕಬೇಡಿ. 14 ಡಿಗ್ರಿ ಬಿಸಿ ಜಾಸ್ತಿ ಇದ್ದರೂ 8 ಮಿ.ಮೀ.ನಲ್ಲಿ ಒಂದು ಮೈಕ್ರಾನ್‌ಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. 6 ಮೈಕ್ರಾನ್‌ನ ಲೆಕ್ಕದಲ್ಲಿ ಅದು ಸಣ್ಣದಲ್ಲ. ಶಾಫ್ಟೂ ಮೈಕ್ರೊಮೀಟರೂ ಒಂದೇ ಕೋಣೆಯಲ್ಲಿ ಒಂದು ಗಂಟೆ ಇದ್ದ ಮೇಲೆ ಅಳೆಯಿರಿ.

ಇನ್ನು ಸೊಟ್ಟ ಆಗುವ ವಿಚಾರ. ಸ್ವಿಚ್ ಆರಿಸಿದ ಕೂಡಲೇ ಶಬ್ದ ನಿಂತ ಮೋಟರುಗಳಿಗೆ ಇದನ್ನು ನೋಡಿ. ಇಂಥ ಮೋಟರಿನಲ್ಲಿ ರೋಟರ್ ಮತ್ತು ಸ್ಟೇಟರ್ ನಡುವಿನ ಖಾಲಿ ಜಾಗ ಸಾಮಾನ್ಯವಾಗಿ 0.3 ಮಿ.ಮೀ.ನ ಆಸುಪಾಸಿನಲ್ಲಿರುತ್ತದೆ. ಅದು ಸುತ್ತಲೂ ಸಮ ಇರಬೇಕು. ರೋಟರ್ 0.03 ಮಿ.ಮೀ. ಒಂದು ಬದಿಗೆ ಸರಿದರೆ ಒಂದು ಕಡೆ ಶೇ 10 ಕಡಿಮೆ, ಎದುರು ಕಡೆ ಶೇ 10 ಜಾಸ್ತಿ. ಹತ್ತಿರವಿದ್ದ ಕಡೆ ಅಯಸ್ಕಾಂತ ಜೋರಾಗಿ ಎಳೆಯುತ್ತದೆ. ಬೇರಿಂಗ್ ಹಿಡಿದಿರುವ ತುದಿಯ ಮುಚ್ಚಳ, ಎಂಡ್ ಕವರ್, ಅದುರುತ್ತದೆ. ನಾನು ಯಾವಾಗಲೂ ಈ ಶೇ 10ರ ಒಳಗೆ ಇರಲು ನೋಡುತ್ತೇನೆ.

ಶಾಫ್ಟ್ ನಿಮ್ಮ ಕೈಗೆ ಬಂದಾಗ ನೆಟ್ಟಗೇ ಇರಬಹುದು. ಆಮೇಲೆ ಅದಕ್ಕೆ ಏನೇನಾಗುತ್ತದೆ ನೋಡಿ. ಬ್ರೈಟ್ ಬಾರನ್ನು ತಣ್ಣಗಿರುವಾಗ ಎಳೆದು ಮಾಡಿರುತ್ತಾರೆ, ಒಳಗೆ ಬಿಗಿತ ಅಡಗಿರುತ್ತದೆ. ಬ್ಲೋವರ್ ಚಕ್ರಕ್ಕೆಂದು ತುದಿಯಲ್ಲಿ ಒಂದು ಬದಿ ಚಪ್ಪಟೆ ಕಡಿಸಿದರೆ ಆ ಬದಿಯ ಬಿಗಿತ ಹೋಗಿ ಶಾಫ್ಟ್ ಆ ತುದಿಯಲ್ಲಿ ಸ್ವಲ್ಪ ಬಾಗುತ್ತದೆ. ನರ್ಲಿಂಗ್ ಒಂದು ಕಡೆ ಆಳ, ಒಂದು ಕಡೆ ಮೇಲುಮೇಲೆ ಬಿದ್ದಿರುತ್ತದೆ. ಆಮೇಲೆ ಟನ್‌ಗಟ್ಟಲೆ ಒತ್ತುವ ಪ್ರೆಸ್. ರೋಟರಿನ ತೂತಿಗೂ ಶಾಫ್ಟಿಗೂ ನೇರ ತಪ್ಪಿದ್ದರೆ ಬಡಪಾಯಿ 8 ಮಿ.ಮೀ. ಶಾಫ್ಟೇ ಬಾಗಬೇಕು. ಹಾಗಾಗಿ ನನ್ನ ಮಾತು ಇದು: ಬರೀ ಶಾಫ್ಟನ್ನು ಅಳೆದು ಪಾಸ್ ಮಾಡಬೇಡಿ. ರೋಟರ್ ಕೂರಿಸಿದ ಮೇಲೆ, ಎರಡೂ ಬೇರಿಂಗ್ ಜಾಗಗಳನ್ನು ಎರಡು ವಿ-ಬ್ಲಾಕ್ ಮೇಲಿಟ್ಟು, ರೋಟರಿನ ಮೈಗೆ ಡಯಲ್ ಮುಟ್ಟಿಸಿ ತಿರುಗಿಸಿ. ಮುಳ್ಳಿನ ಒಟ್ಟು ಆಟ 0.03 ಮಿ.ಮೀ. ಮೀರಬಾರದು. ಈ ಒಂದು ಅಳತೆ ನಿಮ್ಮಲ್ಲಿ ಈಗ ಆಗುತ್ತಿಲ್ಲ ಅಂತ ಪತ್ರ ಓದಿದಾಗ ಅನಿಸಿತು.

ಬ್ಯಾಲೆನ್ಸಿಂಗ್ ಬೇಕಾ? ಬೇಕು. ಆದರೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ತಿಳಿದಿರಲಿ. ಸಾಮಾನ್ಯ ಮೋಟರುಗಳಿಗೆ ಜಿ 6.3 ದರ್ಜೆ ಇಟ್ಟುಕೊಳ್ಳುತ್ತಾರೆ, ಅಂಕಿ ಇಳಿದಷ್ಟೂ ತೂಕದ ಏರುಪೇರು ಕಡಿಮೆ. ಮಲಗುವ ಕೋಣೆಗೆ ಜಿ 2.5 ಇರಲಿ. ನಿಮ್ಮ 400 ಗ್ರಾಂ ರೋಟರಿಗೆ 2800 ಸುತ್ತಿನಲ್ಲಿ ಅದರ ಅರ್ಥ 3.4 ಗ್ರಾಂ-ಮಿ.ಮೀ. ರೋಟರ್ ತನ್ನ ನಡುಗೆರೆಯಿಂದ 0.02 ಮಿ.ಮೀ. ಆಚೆ ಕೂತರೆ ಅದೊಂದರಿಂದಲೇ 8 ಗ್ರಾಂ-ಮಿ.ಮೀ. ಬಂದುಬಿಡುತ್ತದೆ. ಬ್ಯಾಲೆನ್ಸಿಂಗ್ ಯಂತ್ರ ಆ ತೂಕವನ್ನು ಸರಿದೂಗಿಸಿ ಕೊಡುತ್ತದೆ. ರೋಟರ್ ಮಾತ್ರ ಆಚೆ ಕೂತೇ ಇರುತ್ತದೆ. 47 ಹರ್ಟ್ಜ್‌ನ ಅದುರು ಹೋಗುತ್ತದೆ, 100 ಹರ್ಟ್ಜ್‌ನ ಗುಂಯ್ ಉಳಿಯುತ್ತದೆ. ಶಾಫ್ಟಿನ ಏಣು ಅಂತೂ ಬ್ಯಾಲೆನ್ಸಿಂಗ್‌ಗೆ ತಿಳಿಯುವುದೇ ಇಲ್ಲ. ಮೊದಲು ನೆಟ್ಟಗೆ ಮಾಡಿ, ಆಮೇಲೆ ಬ್ಯಾಲೆನ್ಸ್ ಮಾಡಿಸಿ. ಬ್ಲೋವರ್ ಚಕ್ರವನ್ನು ಮರೆಯಬೇಡಿ. ಪ್ಲಾಸ್ಟಿಕ್ ಚಕ್ರಗಳ ಏರುಪೇರು ಎಷ್ಟೋ ಸಲ ರೋಟರಿಗಿಂತ ಜಾಸ್ತಿ ಇರುತ್ತದೆ.

ನೀವು ಬರೆಯದ ಒಂದು ಸಂಗತಿ ಕೇಳುತ್ತೇನೆ. ಬೇರಿಂಗನ್ನು ಶಾಫ್ಟಿಗೆ ಹೇಗೆ ಹಾಕುತ್ತೀರಿ? ಸುತ್ತಿಗೆಯಲ್ಲಿ ಹೊರಬಳೆಗೆ ಬಡಿದು ಕೂರಿಸುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಆ ಪೆಟ್ಟು ಗುಂಡುಗಳ ಮೂಲಕ ಹಾದು ಓಣಿಯಲ್ಲಿ ಸಣ್ಣ ಸಣ್ಣ ಗುಳಿ ಬೀಳಿಸುತ್ತದೆ. ಹೊಸ ಬೇರಿಂಗ್ ಹುಟ್ಟುವಾಗಲೇ ಹಳತಾಗುತ್ತದೆ. ಒಳಬಳೆಗೆ ಮಾತ್ರ ತಾಗುವ ಒಂದು ಕೊಳವೆಯ ತುಂಡು ಮಾಡಿಸಿ, ಸಣ್ಣ ಕೈಪ್ರೆಸ್‌ನಲ್ಲಿ ಒತ್ತಿ. ಹಾಗೆಯೇ ಒಂದು ಕಡೆಯ ಬೇರಿಂಗ್ ಹಿಂದೆ ವೇವ್ ವಾಷರ್ (ಅಲೆಯಂತೆ ಬಾಗಿದ ಸ್ಪ್ರಿಂಗ್ ಬಳೆ) ಇದೆಯಾ ನೋಡಿ. ಅದು ಎರಡೂ ಬೇರಿಂಗ್‌ಗಳನ್ನು ಹದವಾಗಿ ಒತ್ತಿ ಹಿಡಿದು ಗುಂಡುಗಳು ಗಲಗಲ ಅನ್ನದ ಹಾಗೆ ಮಾಡುತ್ತದೆ. ಬೇರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ವೇವ್ ವಾಷರ್ ಇರಲೇಬೇಕು. ಜೆ5 ಮಾಡಿ ವಾಷರ್ ಮರೆತರೆ ಒಂದು ಶಬ್ದ ಹೋಗಿ ಇನ್ನೊಂದು ಬರುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು.

ನಾನಾಗಿದ್ದರೆ 8 ಮಿ.ಮೀ., ಇಎನ್8 ಎರಡನ್ನೂ ಹಾಗೇ ಇಟ್ಟುಕೊಂಡು ಕೆಲಸದ ಕ್ರಮವನ್ನು ಬದಲಿಸುತ್ತಿದ್ದೆ. ಬಾರನ್ನು ಮೊದಲೇ 550-600 ಡಿಗ್ರಿಗೆ ಕಾಯಿಸಿ ನಿಧಾನಕ್ಕೆ ತಣಿಸಿ ಒಳಬಿಗಿತ ತೆಗೆಸಿ. ಎರಡೂ ತುದಿಗೆ ಸೆಂಟರ್ ತೂತು ಹಾಕಿಸಿ. ಬೇರಿಂಗ್ ಜಾಗದಲ್ಲಿ ತುಸು ಮಾಲು ಬಿಟ್ಟು, ಚಪ್ಪಟೆಯನ್ನೂ ಕಡಿಸಿ, ರೋಟರನ್ನು ಕೂರಿಸಿ. ಕೊನೆಗೆ ಸೆಂಟರುಗಳ ನಡುವೆ ಹಿಡಿದು ಎರಡೂ ಬೇರಿಂಗ್ ಜಾಗಗಳನ್ನು ಒಂದೇ ಸೆಟ್ಟಿಂಗ್‌ನಲ್ಲಿ ಗ್ರೈಂಡ್ ಮಾಡಿಸಿ. ಅದೇ ಸೆಂಟರಿನಲ್ಲಿ ರೋಟರಿನ ಮೈಯನ್ನೂ ಸವರಿಸಿ. ಆಗ ಪ್ರೆಸ್ ಮಾಡಿದ್ದರಿಂದ ಬಂದ ಸೊಟ್ಟ ಎಲ್ಲ ಕೊನೆಯ ಕೆಲಸದಲ್ಲಿ ತೊಳೆದುಹೋಗುತ್ತದೆ. ಇದರ ಅಪಾಯಗಳೂ ಇವೆ. ಒಂದೊಂದಕ್ಕೆ ಹೊತ್ತು ಜಾಸ್ತಿ ಹಿಡಿಯುತ್ತದೆ, ದರ ಏರುತ್ತದೆ. ಸೆಂಟರ್ ತೂತಿನಲ್ಲಿ ಕಸ ಅಥವಾ ಗಾಯ ಇದ್ದರೆ ಅದೇ ತಪ್ಪು ಶಾಫ್ಟಿಗೆ ಅಚ್ಚಾಗುತ್ತದೆ. ಗ್ರೈಂಡಿಂಗ್ ಪುಡಿ ರೋಟರಿನ ಒಳಗೆ ಸೇರದ ಹಾಗೆ ಮುಚ್ಚಬೇಕು. ರೋಟರ್ ಮೈ ಸವರುವ ಟೂಲ್ ಹರಿತ ಇರಬೇಕು. ಮೊಂಡು ಟೂಲಿನಲ್ಲಿ ಎಳೆದರೆ ತಗಡುಗಳ ಅಂಚು ಒಂದಕ್ಕೊಂದು ಮೆತ್ತಿಕೊಂಡು ಮೋಟರ್ ಬಿಸಿಯಾಗುತ್ತದೆ.

ಇಷ್ಟು ಆಗದಿದ್ದರೆ ಪ್ರೆಸ್ ಆದ ಮೇಲೆ ಡಯಲ್ ನೋಡುತ್ತ ಕೈಪ್ರೆಸ್‌ನಲ್ಲಿ ನೆಟ್ಟಗೆ ಮಾಡುವುದು. ಅಗ್ಗ, ಕೈ ಪಳಗಿದವರಿಗೆ ಬೇಗ ಆಗುತ್ತದೆ. ಆದರೆ ಹಾಗೆ ನೆಟ್ಟಗೆ ಮಾಡಿದ್ದು ಮೋಟರ್ ಬಿಸಿಯಾದ ಮೇಲೆ ಸ್ವಲ್ಪ ವಾಪಸ್ ಹೋಗಬಹುದು. ಗಟ್ಟಿ ಮಾಡಿದ ಸ್ಟೇನ್‌ಲೆಸ್ ಶಾಫ್ಟಿಗೆ ಈ ಕೆಲಸ ಬೇಡ, ಬಿರುಕು ಬಿಡುತ್ತದೆ. ರೋಟರನ್ನು ಒತ್ತಿ ಕೂರಿಸುವ ಬದಲು 200 ಡಿಗ್ರಿಯಷ್ಟು ಕಾಯಿಸಿ ಹಿಗ್ಗಿಸಿ ಇಳಿಸಿದರೆ ಶಾಫ್ಟಿಗೆ ಪೆಟ್ಟೇ ಇಲ್ಲ. ಅದಕ್ಕೆ ನರ್ಲಿಂಗ್ ಬಿಟ್ಟು ನುಣುಪು ಶಾಫ್ಟ್ ಮಾಡಬೇಕು, ರೋಟರಿನ ತೂತಿನ ಅಳತೆಯೂ ಕರಾರುವಾಕ್ಕಾಗಿರಬೇಕು.

10 ಮಿ.ಮೀ. ಬೇಕೇ ಬೇಕು ಅಂದರೆ ನಡುವೆ ಮಾತ್ರ ದಪ್ಪ ಮಾಡಿ, ಬೇರಿಂಗ್ ಜಾಗ 8 ಇಟ್ಟು 608 ಉಳಿಸಿಕೊಳ್ಳಬಹುದು. ಮೆಟ್ಟಿಲಿನ ಮೂಲೆಯ ದುಂಡು 0.3 ಮಿ.ಮೀ. ಮೀರಬಾರದು, ಮೀರಿದರೆ ಬೇರಿಂಗ್ ಮೆಟ್ಟಿಲಿಗೆ ಕೂರದೆ ಓರೆಯಾಗುತ್ತದೆ. ರೋಟರಿನ ತೂತು ದೊಡ್ಡದಾಗಬೇಕಾದ್ದರಿಂದ ರೋಟರ್ ಕೊಡುವವರನ್ನು ಕೇಳಬೇಕಾಗುತ್ತದೆ. ಈಗ ಇದರ ಅಗತ್ಯ ನನಗೆ ಕಾಣುವುದಿಲ್ಲ.

ಬುಷ್ ಹಾಕಿದರೆ ಶಬ್ದ ಕಡಿಮೆ, ಅದು ನಿಜ. ಎಣ್ಣೆ ಕುಡಿಸಿದ ಕಂಚಿನ ಬುಷ್ ಹೊಸತರಲ್ಲಿ ಬಾಲ್ ಬೇರಿಂಗ್‌ಗಿಂತ ಮೆತ್ತಗೆ ಓಡುತ್ತದೆ. ಮೇಜಿನ ಫ್ಯಾನ್ ಆಗಿದ್ದರೆ ಹಾಕಿ ಅನ್ನುತ್ತಿದ್ದೆ. ನಿಮ್ಮದು ಬಿಸಿ ಗಾಳಿಯ ಕಪಾಟು, ರಾತ್ರಿಯಿಡೀ ಓಡುವಂಥದ್ದು. ಎಣ್ಣೆ ಬೇಗ ಒಣಗುತ್ತದೆ. ಎರಡನೇ ಮಳೆಗಾಲಕ್ಕೆ ಕಿರ್ ಅನ್ನುವ ಕಪಾಟು ವಾಪಸ್ ಬರುವುದು ನಿಮಗೂ ಬೇಡ, ತಗೊಂಡವರಿಗೂ ಬೇಡ.

ಸ್ಟೇನ್‌ಲೆಸ್ ಸ್ಟೀಲನ್ನು ಶಬ್ದಕ್ಕಾಗಿ ಅಲ್ಲ, ತುಕ್ಕಿಗಾಗಿ ಯೋಚಿಸಿ. ಸಮುದ್ರದ ಗಾಳಿ, ಅದರ ಮೇಲೆ ಒದ್ದೆ ಬಟ್ಟೆಯ ಹಬೆ. ಎಸ್ಎಸ್ 420 ಸಣ್ಣ ಮೋಟರುಗಳಿಗೆ ತುಂಬ ಬಳಕೆಯಲ್ಲಿರುವ ಶಾಫ್ಟ್ ಉಕ್ಕು. ಕಾಯಿಸಿ ಗಟ್ಟಿ ಮಾಡಿ, ಚೆನ್ನಾಗಿ ನುಣುಪು ಮಾಡಿದರೆ ತುಕ್ಕನ್ನು ತಡೆಯುತ್ತದೆ. ಆದರೆ ಉಪ್ಪಿನ ಗಾಳಿಗೆ ಅದೂ ಪೂರ್ತಿ ಹೊರತಲ್ಲ. ಗಟ್ಟಿ ಮಾಡುವಾಗ ಬಾಗುತ್ತದೆ, ಗ್ರೈಂಡಿಂಗ್ ಜಾಸ್ತಿ ಬೇಕಾಗುತ್ತದೆ. 304 ತುಕ್ಕಿಗೆ ಇನ್ನೂ ಒಳ್ಳೆಯದು, ಆದರೆ ಮೆತ್ತಗೆ. ಪ್ರೆಸ್ ಮಾಡುವಾಗ ಮೈ ಕಿತ್ತುಕೊಂಡು ಕಚ್ಚಿಕೊಳ್ಳುತ್ತದೆ. ಸದ್ಯಕ್ಕೆ ಇಎನ್8 ಸಾಕು, ಜೋಡಿಸಿದ ಮೇಲೆ ಹೊರಗೆ ಕಾಣುವ ತುದಿಗೆ ತುಕ್ಕು ತಡೆಯುವ ಲೇಪ ಕೊಡಿ.

ತುಕ್ಕಿನ ಇನ್ನೊಂದು ಮುಖ ನಿಮ್ಮ ಸಾಮಾನಿನ ಕಪಾಟಿನಲ್ಲಿರುವ ಆ 200 ಶಾಫ್ಟಿನಲ್ಲಿ ಇರಬಹುದು. ಆಟಿ ತಿಂಗಳ ತೇವದಲ್ಲಿ ಬೆವರಿದ ಕೈಯಲ್ಲಿ ಹಿಡಿದಿಟ್ಟ ಗ್ರೈಂಡಿಂಗ್ ಶಾಫ್ಟನ್ನು ಮರುದಿನ ಬೆಳಿಗ್ಗೆ ತೆಗೆದು ನೋಡಿ. ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಕಂದು ಬಣ್ಣದಲ್ಲಿ ಮೂಡಿರುತ್ತದೆ. ಅದನ್ನು ಎಮರಿ ಕಾಗದದಲ್ಲಿ ತಿಕ್ಕಿ ತೆಗೆದರೆ ಬೇರಿಂಗ್ ಜಾಗದ ದುಂಡುತನವೂ ಅದರ ಜೊತೆ ಹೋಗುತ್ತದೆ. ಎಮರಿ ಮುಟ್ಟಿಸಬೇಡಿ. ಗ್ರೈಂಡಿಂಗ್‌ನಿಂದ ಇಳಿದ ಕೂಡಲೇ ಒರೆಸಿ, ತುಕ್ಕು ತಡೆಯುವ ಎಣ್ಣೆಯಲ್ಲಿ ಅದ್ದಿ, ವಿಸಿಐ ಕಾಗದದಲ್ಲಿ (ತುಕ್ಕು ತಡೆಯುವ ಮದ್ದು ಸವರಿದ ಕಾಗದ) ಸುತ್ತಿಡಿ. ಹತ್ತಿಯ ಕೈಗವಸು ಹಾಕಿಕೊಂಡು ಹಿಡಿಯಲು ಹುಡುಗರಿಗೆ ಹೇಳಿ.

ಆ ಇನ್ನೂರನ್ನು ಗುಜರಿಗೆ ಹಾಕಬೇಡಿ. ಒಂದೊಂದನ್ನೂ ವಿ-ಬ್ಲಾಕ್ ಮೇಲೆ ಉರುಳಿಸಿ ಎರಡು ಪಾಲು ಮಾಡಿ. ಮುಳ್ಳಿನ ಆಟ 4 ಮೈಕ್ರಾನ್ ಒಳಗಿದ್ದವು ದುಂಡಗಿವೆ ಅಂತಲೇ ಇಟ್ಟುಕೊಳ್ಳಿ. ಅವುಗಳ ದಪ್ಪ ಕೆ6 ಆದ್ದರಿಂದ ಸಾಮಾನ್ಯ 608ರ ಬದಲು ಸಿ3 ಅಂತ ಬರೆದಿರುವ 608 ಹಾಕಿ. ಅದರ ಒಳಗಿನ ಸಡಿಲ 8ರಿಂದ 23 ಮೈಕ್ರಾನ್. ಬಿಗಿ ತುಂಬ ಜಾಸ್ತಿ ಬಿದ್ದ ಒಂದೆರಡನ್ನು ಬಿಟ್ಟರೆ ಗುಂಡುಗಳಿಗೆ ಜಾಗ ಉಳಿಯುತ್ತದೆ. 8.008 ದಾಟಿದವನ್ನು ಮಾತ್ರ ಬೇರೆ ಇಡಿ. ವೇವ್ ವಾಷರ್ ಹಾಕಿ, ಹತ್ತು ಮೋಟರ್ ಜೋಡಿಸಿ, ಹಗ್ಗಕ್ಕೆ ನೇತುಹಾಕಿ ಕೇಳಿ.

ಏಣು ಇರುವವು ಮತ್ತು 8.008 ದಾಟಿದವು ಇನ್ನೊಂದು ಪಾಲು. ಅವುಗಳಲ್ಲಿ ಹೆಚ್ಚಿನವು ಜೆ5ಗಿಂತ ದಪ್ಪ ಇರುವುದು ಈಗ ಅನುಕೂಲಕ್ಕೇ ಬಂತು. ಲೇತ್‌ನಲ್ಲಿ ಕಾಲೆಟ್‌ನಲ್ಲಿ ಹಿಡಿದು ಎರಡೂ ತುದಿಗೆ ಸೆಂಟರ್ ಹಾಕಿಸಿ, ಸೆಂಟರುಗಳ ನಡುವೆ ಬೇರಿಂಗ್ ಜಾಗ ಗ್ರೈಂಡ್ ಮಾಡಿಸಿದರೆ ಹೋಗುವ ಐದಾರು ಮೈಕ್ರಾನ್‌ನಲ್ಲಿ ಸಣ್ಣ ಏಣು ಸವೆಯುತ್ತದೆ. ಮೊದಲು ಐದು ಮಾಡಿಸಿ ನೋಡಿ. ಸೆಂಟರ್ ಸ್ವಲ್ಪ ಆಚೀಚೆ ಬಿದ್ದರೂ ಅಷ್ಟು ಮಾಲು ಸಾಲದೆ ಒಂದು ಬದಿ ಹಳೆಯ ಹೊಳಪು ಹಾಗೇ ಉಳಿಯುತ್ತದೆ. ಹಾಗೆ ಉಳಿದ ಶಾಫ್ಟನ್ನು ಮೋಟರಿಗೆ ಹಾಕಬೇಡಿ, ಬ್ಲೇಡ್ ಸೆಟ್ ಮಾಡುವಾಗ ಗ್ರೈಂಡರ್‌ಗೆ ತೋರಿಸಲು ಇಟ್ಟುಕೊಳ್ಳಿ.